ಚಳಿಜ್ವರದ ಜಾಡು

ಮೈಸೂರು ಜಿಲ್ಲೆಯಲ್ಲಿ ಪಡುವಣ ದಿಕ್ಕಿಗೆ ಹೋದಂತೆಲ್ಲ ಬಯಲು ಮುಗಿದು ಕಾಡು ಮೊದಲಾಗುತ್ತದೆ. ಹುಣಸೂರು ಮತ್ತು ಹೆಗ್ಗಡದೇವನಕೋಟೆಗಳ ಅಂಚು ನಾಗರಹೊಳೆ, ಕಾಕನಕೋಟೆಗಳ ಅರಣ್ಯಕ್ಕೆ ತಾಗಿದೆ. ಪಿರಿಯಾಪಟ್ಟಣದ ಆಚೆಗೆ ಕೊಡಗು. ಕೃಷ್ಣರಾಜನಗರದ ಕಡೆ ಅಂಥ ಕಾಡಿಲ್ಲ. ಅಲ್ಲಿ ಕಾವೇರಿಯ ನಾಲೆಗಳೂ ಬತ್ತದ ಗದ್ದೆಗಳೂ ಹರಡಿಕೊಂಡಿವೆ. ಈ ಸೀಮೆಯ ಹಿರಿಯರಿಗೆ ಒಂದು ಜ್ವರದ ನೆನಪು ಸಾಮಾನ್ಯವಾಗಿತ್ತು. ಕೊಡಗಿನ ಕಾಫಿ ತೋಟಗಳಿಗೆ ಕೂಲಿಗೆಂದು ಹೋದವರು ಅದನ್ನು ಹೊತ್ತು ಬರುತ್ತಿದ್ದರು. ಕಾಡಂಚಿನ ಹಳ್ಳಿಗಳಲ್ಲಿ ಅದು ಕರೆಯದ ನೆಂಟನಂತೆ ವರ್ಷವರ್ಷವೂ ಬಂದು ಹೋಗುತ್ತಿತ್ತು. ಕೋಟೆಯ ಕಡೆಗೆ ವರ್ಗವಾಯಿತೆಂದರೆ ಸರ್ಕಾರಿ ನೌಕರನ ಮನೆಯಲ್ಲಿ ಅಂದು ಒಲೆ ಹೊತ್ತುತ್ತಿರಲಿಲ್ಲವೆಂದು ಹಿರಿಯರು ನಗೆಯಾಡುತ್ತಿದ್ದುದುಂಟು. ಆ ನಗೆಯ ಹಿಂದೆ ಇದ್ದುದು ಭಯ.

ಮೊದಲು ಮೈ ನಡುಗಿಸುವ ಚಳಿ; ಎಷ್ಟು ಕಂಬಳಿ ಹೊದಿಸಿದರೂ ಹಲ್ಲು ಕಟಕಟಿಸುವುದು ನಿಲ್ಲದು. ಆಮೇಲೆ ಕೆಂಡದಂಥ ಕಾವು. ಕೊನೆಗೆ ಧಾರಾಕಾರವಾಗಿ ಬೆವರು. ಬೆವರು ಹರಿದ ಮೇಲೆ ರೋಗಿ ಎದ್ದು ಕುಳಿತು ಗಂಜಿ ಕುಡಿಯುತ್ತಾನೆ. ಮನೆಯವರು ನಿಟ್ಟುಸಿರು ಬಿಡುತ್ತಾರೆ. ಒಂದು ದಿನ ಬಿಟ್ಟು ಅದೇ ಹೊತ್ತಿಗೆ ಮತ್ತೆ ಚಳಿ. ಇಂಥ ಕಾಯಿಲೆಗೆ ನಮ್ಮ ಜನರು ಇಟ್ಟ ಹೆಸರುಗಳು ಹಲವು. ಮೈಗೆ ಆದ ಅನುಭವದಿಂದ ಅದನ್ನು ಚಳಿಜ್ವರವೆಂದರು. ಬಂದ ಎಡೆಯಿಂದ ಮಲೆಯ ಜ್ವರವೆಂದರು. ಎಡಪಕ್ಕೆಯ ಕೆಳಗೆ ಊದಿಕೊಳ್ಳುವ ಗುಲ್ಮವನ್ನು ಮುಟ್ಟಿನೋಡಿ ಜ್ವರಗಡ್ಡೆಯೆಂದರು. ಆಯುರ್ವೇದದ ಪಂಡಿತರು ಕಾಲವನ್ನು ಲೆಕ್ಕಹಾಕಿ, ಇದು ವಿಷಮಜ್ವರವೆಂದೂ, ದಿನ ಬಿಟ್ಟು ದಿನ ಬರುವುದು ತೃತೀಯಕವೆಂದೂ, ಎರಡು ದಿನ ಬಿಟ್ಟು ಬರುವುದು ಚಾತುರ್ಥಿಕವೆಂದೂ ವಿಂಗಡಿಸಿದರು. ಇಟಲಿಯ ಜನರು ಜೌಗುನೆಲದ ಕೆಟ್ಟ ಗಾಳಿಯೇ ಇದಕ್ಕೆ ಮೂಲವೆಂದು ನಂಬಿ ಮಲೇರಿಯ ಎಂದು ಕರೆದರು. ಕೆಟ್ಟ ಗಾಳಿ ಎಂಬುದೇ ಆ ಮಾತಿನ ಅರ್ಥ. ಇಂಗ್ಲಿಷಿನವರು ಆ ಪದವನ್ನು ಎರವಲು ಪಡೆದರು, ಅವರಿಂದ ನಾವು ಪಡೆದೆವು. ಇಷ್ಟು ಹೆಸರುಗಳಲ್ಲಿ ಒಂದಾದರೂ ರೋಗದ ಕಾರಣವನ್ನು ಹೇಳುವುದಿಲ್ಲ. ಹೇಳಲು ಹೊರಟ ಒಂದೇ ಹೆಸರು ತಪ್ಪು ಹೇಳಿತು.

ವಿಚಿತ್ರವೆಂದರೆ, ಕಾರಣ ತಿಳಿಯುವ ಎಷ್ಟೋ ಮೊದಲೇ ಮದ್ದು ತಿಳಿದಿತ್ತು. ದಕ್ಷಿಣ ಅಮೆರಿಕದ ಸಿಂಕೋನ ಮರದ ತೊಗಟೆ ಈ ಜ್ವರವನ್ನು ಇಳಿಸುತ್ತದೆಂಬುದು ಯೂರೋಪಿಗೆ 17ನೆಯ ಶತಮಾನದಲ್ಲಿಯೇ ಗೊತ್ತಾಯಿತು. 1820ರಲ್ಲಿ ಫ್ರಾನ್ಸಿನ ಇಬ್ಬರು ರಸಾಯನಶಾಸ್ತ್ರಜ್ಞರು ಆ ತೊಗಟೆಯಿಂದ ಕ್ವಿನೈನನ್ನು ಬೇರ್ಪಡಿಸಿದರು. 1860ರ ದಶಕದಲ್ಲಿ ನಮ್ಮ ನೆರೆಯ ನೀಲಗಿರಿಯಲ್ಲಿಯೇ ಸಿಂಕೋನ ತೋಟಗಳು ಎದ್ದವು. ಆದರೆ ಬಂದ ಕಳ್ಳನನ್ನು ಓಡಿಸುವುದು ಬೇರೆ, ಅವನು ಯಾವ ಬಾಗಿಲಿನಿಂದ ಬಂದನೆಂದು ತಿಳಿದು ಆ ಬಾಗಿಲನ್ನು ಮುಚ್ಚುವುದು ಬೇರೆ. ಆ ಬಾಗಿಲನ್ನು ಕಂಡುಹಿಡಿದವರು ರೊನಾಲ್ಡ್ ರಾಸ್.

ರಾಸ್ ಅವರು ಹುಟ್ಟಿದುದು ಭಾರತದಲ್ಲಿಯೇ, ಹಿಮಾಲಯದ ತಪ್ಪಲಿನ ಆಲ್ಮೋರದಲ್ಲಿ, 1857ರ ಮೇ 13ರಂದು. ತಂದೆ ಬ್ರಿಟಿಷ್ ಭಾರತದ ಸೈನ್ಯದಲ್ಲಿ ಅಧಿಕಾರಿ. ಹತ್ತು ಮಕ್ಕಳಲ್ಲಿ ರಾಸ್ ಹಿರಿಯರು. ಎಂಟನೆಯ ವಯಸ್ಸಿನಲ್ಲಿ ಅವರನ್ನು ಇಂಗ್ಲೆಂಡಿಗೆ ಕಳುಹಿಸಿದರು. ಹುಡುಗನಿಗೆ ಒಲವು ಇದ್ದುದು ಕವಿತೆ, ಚಿತ್ರ, ಸಂಗೀತಗಳಲ್ಲಿ. ಮಗ ವೈದ್ಯನಾಗಬೇಕೆಂಬುದು ತಂದೆಯ ಹಟ. ತಂದೆಯ ಮಾತೇ ನಡೆದು, 1874ರಲ್ಲಿ ಅವರು ಲಂಡನಿನ ಸೇಂಟ್ ಬಾರ್ಥಲೊಮ್ಯೂ ಆಸ್ಪತ್ರೆಯ ವಿದ್ಯಾಲಯವನ್ನು ಸೇರಿದರು. ಮನಸ್ಸಿಲ್ಲದ ಮನಸ್ಸಿನಿಂದ ಓದಿದವರು. ಪರೀಕ್ಷೆಯಲ್ಲಿ ಒಮ್ಮೆ ಮುಗ್ಗರಿಸಿದುದೂ ಉಂಟು. 1881ರಲ್ಲಿ ಇಂಡಿಯನ್ ಮೆಡಿಕಲ್ ಸರ್ವಿಸನ್ನು ಸೇರಿ ಮದರಾಸು ಪ್ರಾಂತಕ್ಕೆ ಬಂದರು. ಮೊದಲ ಏಳೆಂಟು ವರ್ಷಗಳಲ್ಲಿ ಅವರು ಮುಂದೆ ಇಂಥ ಕಾರ್ಯವನ್ನು ಸಾಧಿಸುವರೆಂದು ಊಹಿಸಲು ಆಧಾರವೇ ಇರಲಿಲ್ಲ. ದಂಡಿನ ಆಸ್ಪತ್ರೆಯ ಕೆಲಸ ಬೆಳಗಿನ ಹೊತ್ತಿಗೆ ಮುಗಿಯುತ್ತಿತ್ತು. ಉಳಿದ ಹೊತ್ತು ಕವಿತೆ, ಕಾದಂಬರಿ, ಗಣಿತ, ಕುದುರೆ ಸವಾರಿ.

ಆದರೂ ಒಂದು ಸಣ್ಣ ಸಂಗತಿ ನಡೆಯಿತು, ಅದೂ ನಮ್ಮ ಬೆಂಗಳೂರಿನಲ್ಲಿ. 1883ರಲ್ಲಿ ರಾಸ್ ಅಲ್ಲಿನ ದಂಡಿಗೆ ಹಂಗಾಮಿ ವೈದ್ಯರಾಗಿ ಬಂದರು. ಅವರಿಗೆ ದೊರೆತ ಬಂಗಲೆ ಚೆನ್ನಾಗಿತ್ತು. ಆದರೆ ಸೊಳ್ಳೆಗಳ ಕಾಟ ವಿಪರೀತ. ತಮ್ಮ ಕೊಠಡಿಯಲ್ಲಿ ಮಾತ್ರ ಅವು ಇಷ್ಟೊಂದು ಏಕೆಂದು ಹುಡುಕಿದಾಗ, ಕಿಟಕಿಯ ಹೊರಗೆ ನೀರು ನಿಂತಿದ್ದ ಒಂದು ಪೀಪಾಯಿ ಕಂಡಿತು. ನೀರಿನಲ್ಲಿ ನುಲಿಯುತ್ತ ಓಡಾಡುವ ಸಣ್ಣ ಹುಳುಗಳು. ಇವೇ ಸೊಳ್ಳೆಯ ಮರಿಗಳು. ಇಂಗ್ಲಿಷಿನಲ್ಲಿ ಲಾರ್ವ ಎನ್ನುತ್ತಾರೆ. ರಾಸ್ ಪೀಪಾಯಿಯನ್ನು ಉರುಳಿಸಿದರು, ಸೊಳ್ಳೆಗಳು ಕಡಮೆಯಾದವು. ಊಟದ ಮನೆಯ ಸುತ್ತಲೂ ಹೀಗೆಯೇ ಮಾಡಬಹುದೆಂದು ಅವರು ಹೇಳಿದಾಗ ದಂಡಿನ ಅಧಿಕಾರಿಯೊಬ್ಬರು ಒಪ್ಪಲಿಲ್ಲ. ಸೃಷ್ಟಿಯಲ್ಲಿ ಸೊಳ್ಳೆಯೂ ಏನೋ ಒಂದು ಉಪಯೋಗಕ್ಕಾಗಿ ಇದ್ದೀತು, ಅದರ ನಿಯಮವನ್ನು ನಾವು ಕೆಡಿಸಬಾರದೆಂಬುದು ಅವರ ವಾದ. ಆಗ ಇದು ಬರಿಯ ವಿನೋದದ ಮಾತಾಗಿ ಕಳೆದುಹೋಯಿತು. ಸೊಳ್ಳೆಗೂ ಜ್ವರಕ್ಕೂ ನಂಟು ಇರಬಹುದೆಂಬ ಸಂದೇಹ ರಾಸ್ ಅವರಿಗೆ ಆಗ ಇರಲಿಲ್ಲ.

ಇದಕ್ಕೆ ಮೂರು ವರ್ಷ ಮೊದಲು, 1880ರಲ್ಲಿ, ಆಲ್ಜೀರಿಯದಲ್ಲಿದ್ದ ಫ್ರೆಂಚ್ ಸೇನಾ ವೈದ್ಯ ಲಾವರಾನ್ ಅವರು ಚಳಿಜ್ವರದ ರೋಗಿಯ ರಕ್ತವನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದಾಗ, ರಕ್ತದ ಕಣಗಳಲ್ಲಿ ಜೀವವುಳ್ಳ ಸಣ್ಣ ಆಕೃತಿಗಳನ್ನು ಕಂಡಿದ್ದರು. ಅವುಗಳ ಒಡಲಲ್ಲಿ ಕಪ್ಪು ಪುಡಿಯಂಥ ಬಣ್ಣದ ಕಣಗಳಿದ್ದವು. ಇನ್ನೊಂದು ಜೀವಿಯ ಮೈಯಲ್ಲಿ ಮನೆಮಾಡಿಕೊಂಡು ಅದರ ಅನ್ನವನ್ನು ಉಣ್ಣುವ ಇಂಥ ಜೀವಿಯನ್ನು ಇಂಗ್ಲಿಷಿನಲ್ಲಿ ಪ್ಯಾರಸೈಟ್ ಎನ್ನುತ್ತಾರೆ. ಗ್ರೀಕರಲ್ಲಿ ಈ ಮಾತಿಗೆ ಪರರ ಪಂಕ್ತಿಯಲ್ಲಿ ಕುಳಿತು ಉಣ್ಣುವವನೆಂದು ಅರ್ಥ. ಕನ್ನಡದ ಪರೋಪಜೀವಿ ಎಂಬ ಮಾತೂ ಅದನ್ನೇ ಹೇಳುತ್ತದೆ. ಜ್ವರ ಗಾಳಿಯಿಂದಲ್ಲ, ಒಂದು ಜೀವಿಯಿಂದ ಬರುತ್ತದೆಂಬುದು ಹೀಗೆ ಗೊತ್ತಾಯಿತು. ಆದರೆ ರಕ್ತದೊಳಗೆ ಬೀಗ ಹಾಕಿದಂತಿರುವ ಆ ಜೀವಿ ಒಬ್ಬರ ಮೈಯಿಂದ ಇನ್ನೊಬ್ಬರ ಮೈಗೆ ದಾಟುವುದು ಹೇಗೆ? ಯಾರಿಗೂ ತಿಳಿಯದು.

1894ರಲ್ಲಿ ರಾಸ್ ರಜೆಯ ಮೇಲೆ ಲಂಡನಿಗೆ ಹೋದರು. ಲಾವರಾನ್ ಹೇಳಿದ ಜೀವಿಯ ವಿಷಯದಲ್ಲಿ ಅವರಿಗೆ ಅಪನಂಬಿಕೆಯಿತ್ತು, ಏಕೆಂದರೆ ಭಾರತದಲ್ಲಿ ತಾವು ಎಷ್ಟು ಹುಡುಕಿದರೂ ಅದು ಕಂಡಿರಲಿಲ್ಲ. ಅಲ್ಲಿ ಪ್ಯಾಟ್ರಿಕ್ ಮ್ಯಾನ್ಸನ್ ಎಂಬ ವೈದ್ಯರು ತಮ್ಮ ಸೂಕ್ಷ್ಮದರ್ಶಕದಲ್ಲಿ ಅದನ್ನು ಕಣ್ಣಾರೆ ತೋರಿಸಿದರು. ಚೀನದಲ್ಲಿ ಕೆಲಸಮಾಡಿ ಬಂದಿದ್ದ ಮ್ಯಾನ್ಸನ್, ಆನೆಕಾಲು ರೋಗದ ಹುಳು ಸೊಳ್ಳೆಯ ಮೈಯಲ್ಲಿ ಬೆಳೆಯುತ್ತದೆಂದು ಹಿಂದೆಯೇ ಕಂಡವರು. ಮಲೇರಿಯದ ಜೀವಿಯೂ ಸೊಳ್ಳೆಯ ಮೂಲಕವೇ ಹೊರಗೆ ಬರುತ್ತಿರಬೇಕೆಂದು ಅವರು ರಾಸ್ ಅವರಿಗೆ ವಿವರಿಸಿದರು. ಇದು ಹೈಪೊಥೆಸಿಸ್, ಎಂದರೆ ಊಹೆ. ವಿದ್ಯಾರ್ಥಿಗಳು ಈ ಮಾತನ್ನು ಹಗುರವಾಗಿ ತಿಳಿಯಬಾರದು. ಊಹೆ ಎಂದರೆ ಕಟ್ಟುಕತೆಯಲ್ಲ. ಸರಿಯೋ ತಪ್ಪೋ ಎಂದು ಪರೀಕ್ಷಿಸಿ ನೋಡಬಹುದಾದ ಮಾತು. ಮ್ಯಾನ್ಸನ್ ಅವರ ಊಹೆಯಲ್ಲಿ ಅರ್ಧ ಸರಿ, ಅರ್ಧ ತಪ್ಪು ಇತ್ತು. ರಕ್ತ ಹೀರಿದ ಸೊಳ್ಳೆ ನೀರಿನಲ್ಲಿ ಸತ್ತು, ಆ ನೀರನ್ನು ಕುಡಿದವರಿಗೆ ಜ್ವರ ಬರುತ್ತದೆಂದು ಅವರು ಭಾವಿಸಿದ್ದರು.

1895ರಲ್ಲಿ ರಾಸ್ ಸಿಕಂದರಾಬಾದಿಗೆ ಹಿಂತಿರುಗಿ ಕೆಲಸ ಹಿಡಿದರು. ಮ್ಯಾನ್ಸನ್ ಅವರ ಮಾತನ್ನು ಪರೀಕ್ಷಿಸಲು, ಸೊಳ್ಳೆಗಳು ಸತ್ತು ಬಿದ್ದಿದ್ದ ನೀರನ್ನು ಕೆಲವರಿಗೆ ಕುಡಿಸಿದರು. ಲಚ್‌ಮನ್ ಎಂಬ ಯುವಕನಿಗೆ ಕೆಲವು ದಿನಗಳ ಮೇಲೆ ಅಲ್ಪ ಜ್ವರ ಬಂದಿತು, ರಾಸ್ ಹಿಗ್ಗಿದರು, ಆದರೆ ರಕ್ತದಲ್ಲಿ ಮಲೇರಿಯದ ಜೀವಿ ಕಾಣಲಿಲ್ಲ, ಉಳಿದವರಿಗೆ ಏನೂ ಆಗಲಿಲ್ಲ. ಹಣ ಕೊಟ್ಟು ಬಡವರ ಮೇಲೆ ನಡೆಸಿದ ಇಂಥ ಪ್ರಯೋಗವನ್ನು ಇಂದಿನ ವೈದ್ಯನೀತಿ ಒಪ್ಪುವುದಿಲ್ಲ. ಒಪ್ಪಬಾರದೆಂಬುದೇ ಈ ಲೇಖಕನ ಅಭಿಪ್ರಾಯವೂ ಹೌದು.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ಸರ್ಕಾರ ಅವರನ್ನು ಎರಡನೆಯ ಬಾರಿ ಬೆಂಗಳೂರಿಗೆ ಕಳುಹಿಸಿತು. ಅಲ್ಲಿ ಕಾಲರಾ ಹಬ್ಬಿತ್ತು. ದಂಡುಪ್ರದೇಶದ ನೈರ್ಮಲ್ಯದ ಹೊಣೆ ಅವರ ಮೇಲೆ ಬಿದ್ದಿತು. ಬಾವಿಗಳ ತಪಾಸಣೆ, ಚರಂಡಿಗಳ ದುರಸ್ತಿ, ಕಸದ ವಿಲೇವಾರಿ, ನಿಯಮಗಳ ಕರಡು, ಉದ್ದನೆಯ ವರದಿ: ಸುಮಾರು ಒಂದೂವರೆ ವರ್ಷ ಹೀಗೆ ಕಳೆಯಿತು. ಸೊಳ್ಳೆಯ ಕೆಲಸ ಬಿಡುವಿನ ಹೊತ್ತಿನ ಕೆಲಸವಾಯಿತು. ರಾಸ್ ಇದಕ್ಕಾಗಿ ಒಳಗೊಳಗೇ ಕುದಿದರು. ಆದರೆ ಈ ದಿನಗಳು ವ್ಯರ್ಥವಾದುವೆಂದು ನನಗೆ ತೋರುವುದಿಲ್ಲ. ಒಂದು ಊರಿನ ಕೊಚ್ಚೆ, ಕುಂಟೆ, ತೊಟ್ಟಿಗಳನ್ನು ಬೀದಿ ಬೀದಿ ತಿರುಗಿ ನೋಡಿದ ಅನುಭವ ಮುಂದೆ ಅವರು ಊರೂರಿಗೆ ಹೋಗಿ ಸೊಳ್ಳೆ ನಿವಾರಣೆಯ ಯೋಜನೆ ಹಾಕುವಾಗ ಕೈಹಿಡಿದಿರಲೇಬೇಕು.

1897ರ ಬೇಸಗೆಯಲ್ಲಿ ರಜೆ ಸಿಕ್ಕಿತು. ರಾಸ್ ಊಟಿಗೆ ಹೋದರು. ಅಲ್ಲಿಂದ ಮೈಸೂರು ಸೀಮೆಯ ಕಡೆಗೆ ಇಳಿಯುವ ಸೀಗೂರು ಘಾಟಿಯ ಬುಡದಲ್ಲಿ ಚಳಿಜ್ವರ ತೀವ್ರವಾಗಿತ್ತು. ಅದನ್ನು ಪರಿಶೀಲಿಸಲು ಹೋದ ಕೆಲವೇ ದಿನಗಳಲ್ಲಿ ಜ್ವರ ಅವರನ್ನೇ ಹಿಡಿಯಿತು. ಅಷ್ಟು ವರ್ಷ ಇತರರ ಬೆರಳನ್ನು ಚುಚ್ಚಿ ಹುಡುಕಿದ ಜೀವಿ ಈಗ ಅವರ ರಕ್ತದಲ್ಲಿಯೇ ಇತ್ತು. ಕ್ವಿನೈನು ನುಂಗಿ ಚೇತರಿಸಿಕೊಂಡು ಜೂನ್ ತಿಂಗಳಲ್ಲಿ ಅವರು ಸಿಕಂದರಾಬಾದಿಗೆ ಮರಳಿದರು.

ಆ ವರ್ಷದ ಮಳೆ ತಡವಾಗಿ, ಸೆಕೆ ಅಸಾಧ್ಯವಾಗಿತ್ತು. ಬೇಗಂಪೇಟೆಯ ಸಣ್ಣ ಆಸ್ಪತ್ರೆಯ ಕತ್ತಲು ಕೋಣೆಯಲ್ಲಿ ರಾಸ್ ಬೆಳಗಿನಿಂದ ಸಂಜೆಯವರೆಗೆ ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿ ಕುಳಿತರು. ಪಂಕ ಬೀಸಿಸುವಂತಿಲ್ಲ, ಬೀಸಿದರೆ ಸೀಳಿಟ್ಟ ಸೊಳ್ಳೆ ಹಾರಿಹೋಗುತ್ತದೆ. ಹಣೆಯ ಬೆವರು ತೊಟ್ಟಿಕ್ಕಿ ಉಪಕರಣದ ತಿರುಪುಗಳಿಗೆ ತುಕ್ಕು ಹಿಡಿಯಿತು; ಇದ್ದ ಒಂದೇ ಕಣ್ಣಗಾಜು ಸೀಳಿತು. ಸಣ್ಣ ನೊಣಗಳು ಕಿವಿಗೂ ಕಣ್ಣಿಗೂ ಮುತ್ತುತ್ತಿದ್ದವು. ಒಂದು ಸೊಳ್ಳೆಯನ್ನು ಸೂಜಿಯ ಮೊನೆಯಿಂದ ಬಿಡಿಸಿ, ಅದರ ಹೊಟ್ಟೆ, ಕರುಳು, ಒಂದೊಂದು ಕೋಶವನ್ನೂ ನೋಡಿ ಮುಗಿಸಲು ಗಂಟೆಗಳೇ ಹಿಡಿಯುತ್ತಿದ್ದವು. ಹೀಗೆ ಎರಡು ವರ್ಷಗಳಲ್ಲಿ ಅವರು ಎಷ್ಟೋ ಸೊಳ್ಳೆಗಳನ್ನು ಬಿಡಿಸಿ ನೋಡಿದ್ದರು. ಎಲ್ಲವೂ ಬರಿದು.

ಬರಿದಾದುದಕ್ಕೆ ಕಾರಣ ಸರಳವಾದುದು. ಅವರು ನೋಡುತ್ತಿದ್ದ ಸೊಳ್ಳೆ ಬೇರೆ, ನೋಡಬೇಕಾಗಿದ್ದ ಸೊಳ್ಳೆ ಬೇರೆ. ಸೊಳ್ಳೆಗಳ ಜಾತಿಗಳನ್ನು ವಿವರಿಸುವ ಪುಸ್ತಕ ಅವರ ಬಳಿ ಇರಲಿಲ್ಲ. ಆ ಕೀಟದ ಶಾಸ್ತ್ರೀಯ ಹೆಸರುಗಳು ಅವರಿಗೆ ತಿಳಿಯವು. ತಮಗೆ ತೋಚಿದಂತೆ ಬೂದು ಸೊಳ್ಳೆ, ಪಟ್ಟೆ ಸೊಳ್ಳೆ ಎಂದು ಹೆಸರಿಟ್ಟುಕೊಂಡಿದ್ದರು. ಇವೆರಡೂ ಮನೆಯ ಬಳಿ ಹೇರಳವಾಗಿ ಸಿಕ್ಕುತ್ತಿದ್ದುದರಿಂದ ಇವುಗಳ ಮೇಲೆಯೇ ದುಡಿದರು. ಮನುಷ್ಯರ ಮಲೇರಿಯದ ಜೀವಿ ಇವುಗಳಲ್ಲಿ ಬೆಳೆಯುವುದಿಲ್ಲ. ಬೆಳಕಿರುವ ಕಡೆ ಹುಡುಕಿದರೆ ಕತ್ತಲಲ್ಲಿ ಕಳೆದ ವಸ್ತು ಸಿಕ್ಕೀತೆ?

ಆಗಸ್ಟ್ ನಡುವಿನಲ್ಲಿ ಅವರ ಆಳುಗಳು ಎಲ್ಲಿಂದಲೋ ಹೊಸಬಗೆಯ ಮರಿಗಳನ್ನು ತಂದರು. ಅವುಗಳಿಂದ ಎದ್ದ ಸೊಳ್ಳೆಗಳು ಕಂದುಬಣ್ಣದವು. ರೆಕ್ಕೆಗಳ ಮೇಲೆ ಚುಕ್ಕೆ. ಗೋಡೆಯ ಮೇಲೆ ಕುಳಿತಾಗ ಉಳಿದವುಗಳಂತೆ ಗೂನಾಗಿ ಕೂರದೆ ಬಾಲವನ್ನು ಮೇಲೆತ್ತಿ ಓರೆಯಾಗಿ ಕೂರುತ್ತಿದ್ದವು. ರಾಸ್ ಇವನ್ನು ಚುಕ್ಕೆರೆಕ್ಕೆಯ ಸೊಳ್ಳೆ ಎಂದು ಕರೆದರು. ಇದೇ ಅನಾಫಿಲೀಸ್. ಗ್ರೀಕ್ ಭಾಷೆಯಿಂದ ಕಟ್ಟಿದ ಈ ಹೆಸರಿಗೆ ಯಾವ ಪ್ರಯೋಜನಕ್ಕೂ ಬಾರದುದು ಎಂದು ಅರ್ಥ. ಸೊಳ್ಳೆಗೂ ಏನೋ ಉಪಯೋಗವಿದ್ದೀತೆಂದು ವಾದಿಸಿದ ಬೆಂಗಳೂರಿನ ಅಧಿಕಾರಿ ಇದನ್ನು ಕೇಳಿದ್ದರೆ ಏನೆನ್ನುತ್ತಿದ್ದರೋ!

ಆಗಸ್ಟ್ 16ರಂದು ಹುಸೇನ್ ಖಾನ್ ಎಂಬ ಚಳಿಜ್ವರದ ರೋಗಿಯನ್ನು ಪರದೆಯೊಳಗೆ ಮಲಗಿಸಿ ಹತ್ತು ಚುಕ್ಕೆರೆಕ್ಕೆಯ ಸೊಳ್ಳೆಗಳನ್ನು ಒಳಗೆ ಬಿಟ್ಟರು. ಕಚ್ಚಿದ ಒಂದೊಂದು ಸೊಳ್ಳೆಗೆ ಒಂದೊಂದು ಆಣೆ ಸಂಭಾವನೆ. ಹತ್ತೂ ಕಚ್ಚಿದವು, ಹುಸೇನ್ ಖಾನ್ ಅವರಿಗೆ ಹತ್ತು ಆಣೆ ಸಂದಿತು. ಮುಂದಿನ ದಿನಗಳಲ್ಲಿ ಕೆಲವು ಸೊಳ್ಳೆಗಳು ಸತ್ತವು, ಕೆಲವನ್ನು ಬಿಡಿಸಿ ನೋಡಿದಾಗ ನಿಶ್ಚಯವಾಗಿ ಏನೂ ಕಾಣಲಿಲ್ಲ. 20ನೆಯ ತಾರೀಖಿನ ಹೊತ್ತಿಗೆ ಉಳಿದುವು ಕೆಲವೇ. ಅಂದು ಮಧ್ಯಾಹ್ನ ಒಂದನ್ನು ಬಿಡಿಸಿ, ದಣಿದ ಕಣ್ಣುಗಳಿಂದ ಅದರ ಜಠರದ ಗೋಡೆಯನ್ನು ಪರೀಕ್ಷಿಸುತ್ತಿರುವಾಗ, ಅಲ್ಲಿ ಇರಬಾರದ ದುಂಡಾದ ಕೋಶವೊಂದು ಕಂಡಿತು. ಪಕ್ಕದಲ್ಲಿ ಇನ್ನೊಂದು, ಮತ್ತೊಂದು. ಒಂದೊಂದರಲ್ಲಿಯೂ ಕಪ್ಪು ಪುಡಿಯಂಥ ಕಣಗಳು. ಮನುಷ್ಯನ ರಕ್ತದಲ್ಲಿ ಲಾವರಾನ್ ಕಂಡಿದ್ದ ಅದೇ ಕಪ್ಪು! ಸೊಳ್ಳೆಯ ಮೈಯಲ್ಲಿ ತಾನಾಗಿ ಹುಟ್ಟದ ಈ ಬಣ್ಣವೇ ಕಳ್ಳನ ಹೆಜ್ಜೆಯ ಗುರುತು. ಮರುದಿನ ಇನ್ನೊಂದು ಸೊಳ್ಳೆಯನ್ನು ಬಿಡಿಸಿದರು. ಕೋಶಗಳು ಅಲ್ಲಿಯೂ ಇದ್ದವು, ಹಿಂದಿನ ದಿನಕ್ಕಿಂತ ದೊಡ್ಡವಾಗಿದ್ದವು. ಎಂದರೆ ಅವು ಬೆಳೆಯುತ್ತಿವೆ. ಬೆಳೆಯುವುದು ಜೀವದ ಲಕ್ಷಣ. ಒಂದು ಸೊಳ್ಳೆಯಲ್ಲಿ ಕಂಡದ್ದು ಕಣ್ಣಿನ ಭ್ರಮೆಯಿರಬಹುದಾಗಿತ್ತು. ಎರಡನೆಯದು ಅದನ್ನು ಪುರಾವೆಯನ್ನಾಗಿ ಮಾಡಿತು. ಆ ರಾತ್ರಿ ರಾಸ್ ಕವಿತೆಯೊಂದನ್ನು ಬರೆಯಲು ತೊಡಗಿದರೆಂಬುದನ್ನು ಅವರ ಬಾಲ್ಯವನ್ನು ಬಲ್ಲವರು ಆಶ್ಚರ್ಯವಿಲ್ಲದೆ ನಂಬಬಹುದು. ಆಗಸ್ಟ್ 20ನ್ನು ಜಗತ್ತು ಈಗಲೂ ಸೊಳ್ಳೆಯ ದಿನವೆಂದು ಆಚರಿಸುತ್ತದೆ.

ಇಲ್ಲಿ ಒಂದು ಮಾತು. ರೋಗವನ್ನು ಗುರುತಿಸುವ ವಿದ್ಯೆಗೆ ಇಂಗ್ಲಿಷಿನಲ್ಲಿ ಡಯಗ್ನೋಸಿಸ್ ಎಂದು ಹೆಸರು. ಒಂದರಿಂದ ಒಂದನ್ನು ಬೇರ್ಪಡಿಸಿ ಅರಿಯುವುದೆಂದು ಅದರ ಮೂಲಾರ್ಥ. ನಮ್ಮಲ್ಲಿ ಇದನ್ನು ನಿದಾನವೆನ್ನುತ್ತೇವೆ. ವಿದ್ಯಾರ್ಥಿಗಳು ಬರೆಯುವಾಗ ನಿದಾನಕ್ಕೂ ನಿಧಾನಕ್ಕೂ ಗೊಂದಲ ಮಾಡಿಕೊಳ್ಳುವುದು ನನಗೆ ಬಹುಕಾಲದ ಪರಿಚಯ. ಅಲ್ಪಪ್ರಾಣದ ನಿದಾನವೆಂದರೆ ರೋಗದ ಮೂಲ, ಅದರ ಅರಿವು; ಮಹಾಪ್ರಾಣದ ನಿಧಾನವೆಂದರೆ ಸಾವಕಾಶ. ಕಾಗುಣಿತದಲ್ಲಿ ಇವು ಬೇರೆ ಬೇರೆ. ಬೇಗಂಪೇಟೆಯ ಆ ಕೋಣೆಯಲ್ಲಿ ಮಾತ್ರ ಎರಡೂ ಒಂದೇ ಬೆಂಚಿನ ಮೇಲೆ ಕುಳಿತಿದ್ದವು.

ಕೆಲಸ ಇನ್ನೂ ಅರ್ಧವಾಗಿತ್ತಷ್ಟೆ. ಜಠರದ ಗೋಡೆಯಿಂದ ಆ ಜೀವಿ ಮುಂದೆ ಎಲ್ಲಿಗೆ ಹೋಗುತ್ತದೆ? ಉತ್ತರ ಹುಡುಕುವಷ್ಟರಲ್ಲಿ ಸರ್ಕಾರದ ಆಜ್ಞೆ ಬಂದಿತು: ರಜಪುತಾನದ ಖೇರ್ವಾಡಕ್ಕೆ ವರ್ಗ. ಅಲ್ಲಿ ಮಲೇರಿಯದ ರೋಗಿಗಳೇ ವಿರಳ. ಬಾವಿಯ ನೀರು ಕಾಣುವ ಹೊತ್ತಿಗೆ ತೋಡುವವನ ಕೈಯಿಂದ ಗುದ್ದಲಿಯನ್ನು ಕಸಿದಂತಾಯಿತು. ಲಂಡನಿನಿಂದ ಮ್ಯಾನ್ಸನ್ ಪ್ರಭಾವ ಬೀರಿದ ಮೇಲೆ, 1898ರ ಆರಂಭದಲ್ಲಿ ರಾಸ್ ಅವರಿಗೆ ಕಲ್ಕತ್ತೆಯಲ್ಲಿ ಒಂದು ಪ್ರಯೋಗಾಲಯವೂ ಸಂಶೋಧನೆಗೆಂದೇ ಬಿಡುವೂ ದೊರೆತವು. ಆದರೆ ಆಗ ದೇಶದಲ್ಲಿ ಪ್ಲೇಗು ಹರಡಿತ್ತು. ಪ್ಲೇಗಿನ ಚುಚ್ಚುಮದ್ದಿಗೆ ಹೆದರಿದ್ದ ಜನರು ಬಿಳಿಯ ವೈದ್ಯ ಸೂಜಿ ಹಿಡಿದುದನ್ನು ಕಂಡರೆ ಓಡುತ್ತಿದ್ದರು. ಬೆರಳು ಚುಚ್ಚಿಸಿಕೊಳ್ಳಲು ಯಾರೂ ಒಪ್ಪಲಿಲ್ಲ. ರಾಸ್ ಪಕ್ಷಿಗಳ ಕಡೆಗೆ ತಿರುಗಿದರು. ಗುಬ್ಬಚ್ಚಿ ಮೊದಲಾದ ಹಕ್ಕಿಗಳಿಗೂ ಒಂದು ಬಗೆಯ ಮಲೇರಿಯ ಬರುತ್ತದೆ. ಅದನ್ನು ಹೊರುವುದು ಹಿಂದೆ ಕೈಕೊಟ್ಟಿದ್ದ ಅದೇ ಬೂದು ಸೊಳ್ಳೆ. ಮಹಮ್ಮದ್ ಬಕ್ಸ್ ಎಂಬ ಸಹಾಯಕರು ನಿಷ್ಠೆಯಿಂದ ಜೊತೆಗೆ ದುಡಿದರು. ಜಠರದಲ್ಲಿ ಬಲಿತ ಕೋಶ ಒಡೆಯುತ್ತದೆ. ಅದರಿಂದ ಹೊರಬಿದ್ದ ಸಾವಿರಾರು ಎಳೆಗಳು ಸೊಳ್ಳೆಯ ಮೈಯಲ್ಲೆಲ್ಲ ಹರಿದು ಕೊನೆಗೆ ಒಂದು ಗ್ರಂಥಿಯಲ್ಲಿ ನೆರೆಯುತ್ತವೆ. ಅದು ಯಾವ ಗ್ರಂಥಿ? 1898ರ ಜುಲೈ ತಿಂಗಳ ಮೊದಲ ವಾರದಲ್ಲಿ ಅದು ಜೊಲ್ಲಿನ ಗ್ರಂಥಿಯೆಂದು ತಿಳಿಯಿತು. ಅದರ ನಾಳ ಸೊಳ್ಳೆಯ ಸೊಂಡಿಲಿಗೆ ಸೇರುತ್ತದೆ. ನೀರು ಕುಡಿಯುವ ಮಾತು ಅಲ್ಲಿಗೆ ಮುಗಿಯಿತು. ರೋಗ ಬರುವುದು ಕಡಿತದಿಂದಲೇ. ಆರೋಗ್ಯವಾಗಿದ್ದ ಗುಬ್ಬಚ್ಚಿಗಳಿಗೆ ಇಂಥ ಸೊಳ್ಳೆಗಳಿಂದ ಕಚ್ಚಿಸಿದಾಗ ಅವು ರೋಗಕ್ಕೆ ತುತ್ತಾದುವು. ಆ ತಿಂಗಳಲ್ಲಿಯೇ ಮ್ಯಾನ್ಸನ್ ಎಡಿನ್‌ಬರೊದ ವೈದ್ಯರ ಸಭೆಯಲ್ಲಿ ಈ ವಾರ್ತೆಯನ್ನು ಸಾರಿದರು.

ಮನುಷ್ಯರ ಮಲೇರಿಯದ ಜೀವಿ ಅನಾಫಿಲೀಸಿನಲ್ಲಿ ಪೂರ್ತಿಯಾಗಿ ಬೆಳೆಯುವುದನ್ನು ಆ ವರ್ಷದ ಕೊನೆಯಲ್ಲಿ ತೋರಿಸಿದವರು ಇಟಲಿಯ ಗ್ರಾಸಿ ಮತ್ತು ಅವರ ಸಂಗಡಿಗರು. ಮೊದಲಿಗರು ಯಾರೆಂಬ ಜಗಳ ಇಲ್ಲಿಂದ ಹುಟ್ಟಿ ರಾಸ್ ಬದುಕಿರುವವರೆಗೂ ಆರಲಿಲ್ಲ. ಬಾಗಿಲನ್ನು ತೆರೆದವರು ರಾಸ್ ಎಂಬುದು ನಿಜ. ಒಳಗಣ ದಾರಿಯ ಕೆಲವು ಹೆಜ್ಜೆಗಳನ್ನು ಗ್ರಾಸಿ ಸ್ಪಷ್ಟಪಡಿಸಿದರೆಂಬುದೂ ನಿಜ. ರಾಸ್ ಈ ಎರಡನೆಯ ಮಾತನ್ನು ಉದಾರವಾಗಿ ಒಪ್ಪಿದವರಲ್ಲ. ಮುಂಗೋಪಿ, ತನಗೆ ಸಲ್ಲಬೇಕಾದುದು ಸಲ್ಲಲಿಲ್ಲವೆಂಬ ಕೊರಗು ಅವರಲ್ಲಿ ಕೊನೆಯವರೆಗೂ ಇತ್ತು. 1902ರಲ್ಲಿ ವೈದ್ಯಶಾಸ್ತ್ರದ ನೊಬೆಲ್ ಬಹುಮಾನ ಅವರಿಗೆ ಬಂದಿತು. ಬ್ರಿಟನ್ನಿಗೆ ಸಂದ ಮೊದಲ ನೊಬೆಲ್ ಅದು.

1899ರಲ್ಲಿ ಭಾರತದ ಸೇವೆಯಿಂದ ಬಿಡುಗಡೆ ಪಡೆದ ರಾಸ್ ಲಿವರ್‌ಪೂಲಿನಲ್ಲಿ ಉಷ್ಣವಲಯದ ರೋಗಗಳ ಅಧ್ಯಾಪಕರಾದರು. ಮುಂದಿನದೆಲ್ಲ ಓಡಾಟದ ಬದುಕು: ಪಶ್ಚಿಮ ಆಫ್ರಿಕ, ಸುಯೆಜ್ ಕಾಲುವೆಯ ದಡದ ಇಸ್ಮಾಯಿಲಿಯ, ಮಾರಿಷಸ್. ಇಸ್ಮಾಯಿಲಿಯದಲ್ಲಿ ನಿಂತ ನೀರನ್ನು ಇಲ್ಲವಾಗಿಸಿದಾಗ ಕೆಲವೇ ವರ್ಷಗಳಲ್ಲಿ ಮಲೇರಿಯ ಮಾಯವಾಯಿತು. ಲಾಹೋರಿನ ಬಳಿಯ ಮಿಯಾನ್ ಮೀರ್ ದಂಡಿನಲ್ಲಿ ಇದೇ ಕ್ರಮ ಫಲಿಸಲಿಲ್ಲವೆಂದು ಸರ್ಕಾರದ ತಜ್ಞರು ವರದಿಮಾಡಿದರು. ಅರ್ಧಮನಸ್ಸಿನಿಂದ ಮಾಡಿದ ಕೆಲಸಕ್ಕೆ ಅರ್ಧ ಫಲವೆಂದು ರಾಸ್ ಸಿಟ್ಟಾದರು. ಇಂಥ ವಾದಗಳ ನಡುವೆ ಅವರ ಹಳೆಯ ಗಣಿತದ ಒಲವು ಉಪಯೋಗಕ್ಕೆ ಬಂದಿತು. ಒಂದು ಊರಿನಲ್ಲಿ ರೋಗಿಗಳೆಷ್ಟು, ಸೊಳ್ಳೆಗಳೆಷ್ಟು, ಕಚ್ಚಿದವುಗಳಲ್ಲಿ ಬದುಕಿ ಮತ್ತೆ ಕಚ್ಚುವುವು ಎಷ್ಟು ಎಂದು ಸಮೀಕರಣಗಳನ್ನು ಕಟ್ಟಿ, ಕಟ್ಟಕಡೆಯ ಸೊಳ್ಳೆಯವರೆಗೆ ಕೊಲ್ಲಬೇಕಾಗಿಲ್ಲ, ಅವುಗಳ ಸಂಖ್ಯೆಯನ್ನು ಒಂದು ಮಿತಿಗಿಂತ ಕೆಳಗೆ ಇಳಿಸಿದರೆ ರೋಗ ತಾನಾಗಿ ಆರಿಹೋಗುತ್ತದೆಂದು ತೋರಿಸಿದರು. ಸಾಂಕ್ರಾಮಿಕ ರೋಗಗಳನ್ನು ಲೆಕ್ಕದಿಂದ ಅಳೆಯುವ ಇಂದಿನ ಶಾಸ್ತ್ರಕ್ಕೆ ಇದೂ ಒಂದು ತಳಹದಿ. 1926ರಲ್ಲಿ ಲಂಡನಿನಲ್ಲಿ ಅವರ ಹೆಸರಿನ ಸಂಸ್ಥೆಯೊಂದು ತೆರೆಯಿತು. ಬಹುಕಾಲ ಅಸ್ವಸ್ಥರಾಗಿದ್ದು 1932ರ ಸೆಪ್ಟೆಂಬರ್ 16ರಂದು ಅಲ್ಲಿಯೇ ಅವರು ತೀರಿಕೊಂಡರು.

ಅವರು ಬಿಟ್ಟುಹೋದ ಕೆಲಸ ನಮ್ಮ ಸೀಮೆಯಲ್ಲಿಯೂ ಮುಂದುವರಿಯಿತು. ಮೈಸೂರು ಸಂಸ್ಥಾನದ ಆರೋಗ್ಯ ಇಲಾಖೆ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಮಲೇರಿಯದ ಸಮೀಕ್ಷೆ ನಡೆಸಿತು. ಮಲೆಯ ತಪ್ಪಲಿನ ಹರಿಯುವ ತೊರೆಗಳಲ್ಲಿ ಹುಟ್ಟುವ ಅನಾಫಿಲೀಸ್ ಒಂದು ಜಾತಿಯದು. ನಾಲೆ ಗದ್ದೆಗಳ ಬಯಲಿನಲ್ಲಿ ಹುಟ್ಟುವುದು ಬೇರೊಂದು ಜಾತಿಯದು. ಕಾಡಂಚಿನ ಕೋಟೆಗೂ ಗದ್ದೆಬಯಲಿನ ಕೃಷ್ಣರಾಜನಗರಕ್ಕೂ ಒಂದೇ ಉಪಾಯ ಸಾಲದೆಂಬುದಕ್ಕ ಕಾರಣ ಇದೇ. 1937ರಲ್ಲಿ ಸ್ವೀಟ್ ಮತ್ತು ಬಿ. ಎ. ರಾವ್ ಎಂಬ ತಜ್ಞರು ಅನಾಫಿಲೀಸಿನ ಒಂದು ಜಾತಿಯ ಮೊಟ್ಟೆಗಳನ್ನು ಸೂಕ್ಷ್ಮದರ್ಶಕದಲ್ಲಿ ಅಳೆಯುತ್ತ, ಮೊಟ್ಟೆಯನ್ನು ತೇಲಿಸುವ ಬುರುಡೆಯ ಮೇಲಿನ ಗೀರುಗಳನ್ನು ಎಣಿಸಿದರು. ಕೆಲವದರಲ್ಲಿ ಗೀರುಗಳು ಹೆಚ್ಚು, ಕೆಲವದರಲ್ಲಿ ಕಡಮೆ. ಕಡಮೆ ಗೀರಿನ ಬಗೆಗೆ ಅವರು ಮೈಸೊರೆನ್ಸಿಸ್ ಎಂದು ಹೆಸರಿಟ್ಟರು. ಮೈಸೂರಿನ ಹೆಸರು ಹೀಗೆ ಒಂದು ಸೊಳ್ಳೆಗೂ ಅಂಟಿತು. ಸಮಾಧಾನದ ಸಂಗತಿಯೆಂದರೆ, ರೋಗ ಹರಡುವುದರಲ್ಲಿ ಈ ಬಗೆ ತನ್ನ ದಾಯಾದಿಗಿಂತ ಬಹಳ ದುರ್ಬಲ.

ಸ್ವಾತಂತ್ರ್ಯ ಬಂದ ಕಾಲಕ್ಕೆ ಭಾರತದಲ್ಲಿ ವರ್ಷಕ್ಕೆ ಸುಮಾರು ಏಳೂವರೆ ಕೋಟಿ ಜನರು ಮಲೇರಿಯಕ್ಕೆ ತುತ್ತಾಗುತ್ತಿದ್ದರೆಂದೂ ಎಂಟು ಲಕ್ಷ ಜನರು ಸಾಯುತ್ತಿದ್ದರೆಂದೂ ಅಂದಾಜಿದೆ. 1953ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಮೊದಲಾಗಿ ಹಳ್ಳಿಹಳ್ಳಿಗಳ ಮನೆಗೋಡೆಗಳಿಗೆ ಡಿಡಿಟಿ ಸಿಂಪಡಿಸಿದರು. 1965ರ ಹೊತ್ತಿಗೆ ರೋಗಿಗಳ ಸಂಖ್ಯೆ ಒಂದು ಲಕ್ಷಕ್ಕೆ ಇಳಿಯಿತು. ಗೆದ್ದೆವೆಂದು ಕೈಸಡಿಲ ಬಿಟ್ಟಿತು. ಸೊಳ್ಳೆಗಳೂ ಮದ್ದಿಗೆ ಒಗ್ಗಿಕೊಂಡವು. 1976ರಲ್ಲಿ ಅದು 64 ಲಕ್ಷವನ್ನು ದಾಟಿತು. ಆಮೇಲೆ ಮತ್ತೆ ಪ್ರಯತ್ನ, ಮತ್ತೆ ಇಳಿತ.

ಜ್ವರ ಬಂದವರ ಬೆರಳಿನಿಂದ ಆರೋಗ್ಯ ಕಾರ್ಯಕರ್ತರು ಗಾಜಿನ ಪಟ್ಟಿಯ ಮೇಲೆ ರಕ್ತದ ಹನಿಯನ್ನು ತೆಗೆದುಕೊಳ್ಳುವುದನ್ನು ನೀವು ನೋಡಿರಬಹುದು. ಆ ಪಟ್ಟಿಗೆ ಸ್ಲೈಡ್ ಎಂದು ಹೆಸರು. ಅದರ ಒಂದು ಕಡೆ ರಕ್ತವನ್ನು ತೆಳುವಾಗಿ ಎಳೆದಿರುತ್ತಾರೆ. ಇನ್ನೊಂದು ಕಡೆ ದಪ್ಪನಾದ ಬೊಟ್ಟಿನಂತೆ ಹರಡಿರುತ್ತಾರೆ. ರಕ್ತದಲ್ಲಿ ಜೀವಿಗಳು ವಿರಳವಾಗಿದ್ದರೂ ತಪ್ಪಿಸಿಕೊಳ್ಳದಿರಲೆಂದು ಈ ದಪ್ಪ ಬೊಟ್ಟಿನ ವಿಧಾನವನ್ನು 1903ರಲ್ಲಿ ಪ್ರಕಟಿಸಿದವರು ರಾಸ್ ಅವರೇ. ಸ್ಲೈಡಿನ ಮೇಲೆ ಒಂದು ಸಂಖ್ಯೆಯನ್ನು ಬರೆದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಒಯ್ಯುತ್ತಾರೆ. ಅಲ್ಲಿ ಅದಕ್ಕೆ ಬಣ್ಣ ಕಟ್ಟಿ ಸೂಕ್ಷ್ಮದರ್ಶಕದ ಅಡಿಯಲ್ಲಿ ಇಟ್ಟು, ಪ್ರಯೋಗಾಲಯದ ತಜ್ಞರು ಒಂದು ನೋಟದಿಂದ ಮತ್ತೊಂದು ನೋಟಕ್ಕೆ ಸರಿಯುತ್ತ ಹೋಗುತ್ತಾರೆ. ನೂರು ನೋಟಗಳಲ್ಲಿಯೂ ಏನೂ ಕಾಣದಿದ್ದರೆ ಮಾತ್ರ ಇಲ್ಲವೆಂದು ಬರೆದು ಮುಂದಿನ ಸ್ಲೈಡನ್ನು ಕೈಗೆತ್ತಿಕೊಳ್ಳುತ್ತಾರೆ.